ಮಂಜುಗಡ್ಡೆಯ ಮೇಲೆ ಮಾತಾಡಿದ ಯೆಫೀಮ್

2017ರ ಮಾರ್ಚ್ 29, ಬೆಳಿಗ್ಗೆ 9 ಗಂಟೆ 20 ನಿಮಿಷ. ಹೆಪ್ಪುಗಟ್ಟಿದ ಬೈಕಲ್ ಸರೋವರದ ಮೇಲೆ, ದ್ವೀಪಕ್ಕೂ ದಡಕ್ಕೂ ನಟ್ಟನಡುವೆ, ವ್ಯಾನ್ ಓಡಿಸುತ್ತಿದ್ದ ಯೆಫೀಮ್ ಇದ್ದಕ್ಕಿದ್ದಂತೆ ಬಾಯಿ ಬಿಟ್ಟ: "ಹೇಗಿದ್ದೀರಿ, ತಾಯ್ಸಿಯಾ ಪೆತ್ರೋವ್ನಾ?"

ತಾಯ್ಸಿಯಾ ಥಟ್ಟನೆ ಕಿಟಕಿಯಾಚೆ ಮಂಜುಗಡ್ಡೆಯತ್ತ ನೋಡಿದಳು.

ಅವಳು ದ್ವೀಪದ ನರ್ಸ್, ಇವತ್ತು ದ್ವೀಪ ಬಿಟ್ಟು ನಗರದ ಕೆಲಸಕ್ಕೆ ಹೊರಟವಳು. ಮೂರು ಚಳಿಗಾಲ ಇದೇ ವ್ಯಾನಿನಲ್ಲಿ, ಅವನ ಪಕ್ಕದಲ್ಲೇ ಕೂತು ಓಡಾಡಿದ್ದಳು. ಮಂಜುಗಡ್ಡೆಯ ಮೇಲೆ ಸೀಟ್ ಬೆಲ್ಟ್ ಕಟ್ಟುವಂತಿಲ್ಲ, ಒಡೆದರೆ ಹಾರಬೇಕಲ್ಲ. ಡ್ರೈವರ್ ಮಾತಾಡುವಂತೆಯೂ ಇಲ್ಲ. ಅವನ ಕಿವಿಯೆಲ್ಲ ಗಾಲಿಯ ಕೆಳಗಿರಬೇಕು. ಅಂಥವನು ಲೋಕಾಭಿರಾಮಕ್ಕೆ ತೊಡಗಿದನೆಂದರೆ ಕೆಳಗೇನೋ ಕೆಟ್ಟಿದೆ, ಕೂತವರ ಗಮನ ತಪ್ಪಿಸುತ್ತಿದ್ದಾನೆ ಎಂದೇ ಅರ್ಥ. ದ್ವೀಪದಲ್ಲಿ ಅದು ಎಲ್ಲರಿಗೂ ಗೊತ್ತು.

ಚೆನ್ನಾಗಿದ್ದೇನೆ ಎಂದಳು. ಅವನು ಬಿಡಲಿಲ್ಲ. ನಗರದಲ್ಲಿ ರೂಮು ಸಿಕ್ಕಿತೇ ಎಂದ. ಅಲ್ಲಿ ಒಳ್ಳೆಯ ಮೀನು ಸಿಗುವುದಿಲ್ಲ ಎಂದ. ತನ್ನ ಚಿಕ್ಕಮ್ಮನ ಬೆಕ್ಕು ಮರಿ ಹಾಕಿದ್ದನ್ನೂ ಹೇಳಿದ. ಒಂದೊಂದು ಮಾತಿಗೂ ಅವಳ ಕೈ ಬಾಗಿಲಿನತ್ತ ಒಂದೊಂದು ಬೆರಳಷ್ಟು ಸರಿಯಿತು. ದೂರದಲ್ಲೆಲ್ಲೋ ಮಂಜುಗಡ್ಡೆ ಗುಡುಗಿತು. ಸದ್ದು ಅಂಗಾಲಿನವರೆಗೂ ಬಂತು. ಅವನು ಓರೆಗಣ್ಣಿನಲ್ಲಿ ಅವಳನ್ನು ನೋಡಿದ. ಕಣ್ಣು ಕಣ್ಣು ಸೇರಿದ್ದೇ ತಡ, ಮುಖ ತಿರುಗಿಸಿಕೊಂಡ. ಕಿವಿಯ ತುದಿ ಕೆಂಪಾಗಿತ್ತು.

"ನಿಜ ಹೇಳಿ ಯೆಫೀಮ್." ಅವಳು ಬಾಗಿಲಿನ ಹಿಡಿ ಹಿಡಿದಳು. "ಬಿರುಕು ಎಷ್ಟು ದೂರ ಇದೆ?"

"ಯಾವ ಬಿರುಕು?"

"ಮತ್ಯಾಕೆ ಮಾತಾಡ್ತಿದ್ದೀರಿ?"

ಅವನು ವ್ಯಾನ್ ನಿಲ್ಲಿಸಿದ.

"ಇನ್ನು ಹನ್ನೆರಡು ನಿಮಿಷಕ್ಕೆ ದಡ ಬರುತ್ತೆ, ನೀವು ಇಳಿದು ಹೋಗ್ತೀರಿ. ಮಂಜುಗಡ್ಡೆ ಕರಗೋ ಕಾಲ, ನಾಳೆ ಈ ರಸ್ತೇನೂ ಮುಚ್ತಾರೆ. ಮೂರು ವರ್ಷದಿಂದ ಇಷ್ಟಪಟ್ಟು ಸುಮ್ಮನಿದ್ದೆ. ಎಲ್ಲಿಂದ ಶುರು ಮಾಡಬೇಕೋ ತಿಳೀಲಿಲ್ಲ. ಬೆಕ್ಕಿನಿಂದ ಮಾಡಿದೆ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ನಗರದ ಕೆಲಸದ ಕಾಗದಕ್ಕೆ ಸಹಿ ಹಾಕದೆ ವಾರವಿಡೀ ಕಾದಿದ್ದಳು, ಇವನೊಮ್ಮೆ ಬಾಯಿ ಬಿಡಲಿ ಎಂದು. ಇವತ್ತು ಸಹಿ ಹಾಕಲೆಂದೇ ಹೊರಟಿದ್ದಳು.

"ಜೀವ ತೆಗೆದುಬಿಟ್ರಿ. ದ್ವೀಪದಲ್ಲೇ ಹೇಳಬಾರದಿತ್ತಾ?"

"ನೆಲದ ಮೇಲೆ ಭಯ ಇನ್ನೂ ಜಾಸ್ತಿ."

ಅವಳು ಬಾಗಿಲಿನಿಂದ ಕೈ ತೆಗೆದು ಅವನ ಕೈಮೇಲಿಟ್ಟಳು. "ಗಾಡಿ ತಿರುಗಿಸು," ಎಂದಳು.

ತಿರುಗಿಸಬೇಕಾದರೆ ದಾರಿಯ ಗುರುತಿಗೆ ನೆಟ್ಟ ಕೊಂಬೆಗಳನ್ನು ದಾಟಬೇಕು. ವ್ಯಾನಿನ ಭಾರ ತಡೆಯಲು ಅಲ್ಲಿ ಮಂಜುಗಡ್ಡೆ ನಲವತ್ತು ಸೆಂಟಿಮೀಟರ್ ದಪ್ಪವಾದರೂ ಇರಲೇಬೇಕು. ಇಬ್ಬರೂ ಇಳಿದರು. ಅವನು ತೂತು ಕೊರೆದ. ಅವಳು ಅಳತೆಕೋಲು ಇಳಿಸಿ ಓದಿದಳು.

ಅರವತ್ತಮೂರು ಸೆಂಟಿಮೀಟರ್.