ಆರನೇ ತೊಟ್ಟಿ

ನಾನು ನೀರು ಪರೀಕ್ಷಿಸುವ ಕೆಲಸದವಳು, ದೆವ್ವ-ಗಿವ್ವ ನಂಬಿದವಳಲ್ಲ. ಆರು ತಿಂಗಳ ಹಿಂದೆ ತಂಗಿಯ ಮನೆಯ ಬಾವಿನೀರಿನಲ್ಲಿ ಐದು ರಾಸಾಯನಿಕಗಳು ಸಿಕ್ಕಿದ್ದವು. ನಮ್ಮಲ್ಲಿ ಒಂದೊಂದನ್ನೇ ನೋಡುವುದು ಪದ್ಧತಿ. ಒಂದೊಂದೂ ಮಿತಿಯೊಳಗಿತ್ತು. "ಕುಡಿಯಬಹುದು" ಎಂದು ಸಹಿ ಹಾಕಿದ್ದೆ.

ಆದರೂ ಮನಸ್ಸು ಕೇಳಲಿಲ್ಲ. ಒಬ್ಬೊಬ್ಬರಾಗಿ ಸಾಧುವಾಗಿರುವವರು ಒಟ್ಟು ಸೇರಿದರೆ ಏನಾಗುತ್ತಾರೆಂದು ದೊಡ್ಡ ಸಂಸಾರದಲ್ಲಿ ಬಾಳಿದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೊನೆಗೆ ಈ ವಾರ ಪ್ರಯೋಗಾಲಯದಲ್ಲಿ ಐದು ಗಾಜಿನ ತೊಟ್ಟಿಗಳ ನೀರಿಗೆ ಒಂದೊಂದು ರಾಸಾಯನಿಕವನ್ನು ಬಾವಿಯಲ್ಲಿದ್ದಷ್ಟೇ ಬೆರೆಸಿದೆ. ಆರನೆಯದಕ್ಕೆ ಐದನ್ನೂ ಬೆರೆಸಿ, ಎಲ್ಲದಕ್ಕೂ ಮೀನು ಬಿಟ್ಟೆ.

ಮಾರನೆಯ ಮಧ್ಯಾಹ್ನ ಐದು ತೊಟ್ಟಿಗಳ ಮೀನುಗಳು ಲವಲವಿಕೆಯಿಂದಿದ್ದವು. ಆರನೆಯದರಲ್ಲಿ ಎಲ್ಲವೂ ಒಂದೇ ಮೂಲೆಯಲ್ಲಿ ನಿಂತು, ಒಟ್ಟಿಗೆ ಗಾಜಿಗೆ ಬಾಯಿ ಬಡಿಯುತ್ತಿದ್ದವು. ಟಕ್, ಟಕ್, ಸ್ವಲ್ಪ ತಡೆದು ಮತ್ತೆ ಟಕ್. ಆ ಗಾಜು ಮಾತ್ರ ಕೊರೆಯುವಷ್ಟು ತಣ್ಣಗಿತ್ತು.

"ಏನಕ್ಕಾ, ಮೀನಿಗೆ ತಾಳ ಕಲಿಸ್ತಿದ್ದೀರಾ?" ಎಂದು ಕಸ ಗುಡಿಸುವಾಕೆ ನಕ್ಕಳು. ಹತ್ತಿರ ಬಂದು ನೋಡಿ ನಗು ನಿಲ್ಲಿಸಿದಳು.

ಸಂಜೆಯೊಳಗೆ ಅವೆಲ್ಲ ಸತ್ತವು. ಇಬ್ಬರೂ ಸೇರಿ ತೊಟ್ಟಿಯನ್ನು ಉಜ್ಜಿ ತೊಳೆದು ಬೋರಲು ಹಾಕಿದೆವು. ಕೈ ಒರೆಸಿಕೊಳ್ಳುವಾಗ ಖಾಲಿ ತೊಟ್ಟಿಯೊಳಗಿಂದ ಅದೇ ಸದ್ದು ಬಂತು.

"ನಾನಂತೂ ಏನೂ ಕೇಳಿಸ್ಕೊಂಡಿಲ್ಲಕ್ಕಾ," ಎಂದವಳು ಪೊರಕೆಯನ್ನು ಅಲ್ಲೇ ಬಿಟ್ಟು ಹೋದಳು.

ನಾನು ತಂಗಿಗೆ ಫೋನ್ ಮಾಡಿದೆ. "ಆ ನೀರು ಕುಡೀಬೇಡಿ ಕಣೇ, ಮಗಳಿಗೂ ಕೊಡಬೇಡ."

"ಸಹಿ ಹಾಕಿದ್ದು ನೀನೇ ತಾನೇ ಅಕ್ಕಾ? ಅವತ್ತಿಂದ ಅದನ್ನೇ ಕುಡೀತಿದ್ದೀವಿ."

ಅವಳ ಮಾತಿನ ಹಿಂದೆ ಟಕ್, ಟಕ್, ಸ್ವಲ್ಪ ತಡೆದು ಮತ್ತೆ ಟಕ್.

"ಅದೇನೇ ಸದ್ದು?"

"ಪುಟ್ಟಿ ಕಣೇ. ಖಾಲಿ ಲೋಟಕ್ಕೆ ಹಲ್ಲು ಬಡೀತಾ ಕೂತಿದ್ದಾಳೆ, ಬಿಡು ಅಂದ್ರೂ ಬಿಡಲ್ಲ. ಮೈ ಯಾಕೋ ತಣ್ಣಗಿದೆ ಅಕ್ಕಾ."

ನಾನು ಹಿಂತಿರುಗಿ ನೋಡಿದೆ. ಬೋರಲು ಹಾಕಿದ ತೊಟ್ಟಿ ಸುಮ್ಮನಾಗಿತ್ತು.