ಮೆಲ್ಲಗೆ ಮಾತಾಡಿದರೆ ಸಿಟ್ಟು

ಗಣಿತದ ಮೇಷ್ಟ್ರು ಭಾನುಪ್ರಕಾಶ್ ನನ್ನ ಒಂಬತ್ತನೇ ಕ್ಲಾಸಿನ ಬಾಗಿಲು ತಳ್ಳಿ ಒಳಗೆ ಬಂದಾಗ ಚೈತ್ರ ಮತ್ತು ಸಿಂಧು ಎದುರುಬದುರು ಕೂತು ಜಗಳ ಬಗೆಹರಿಸಿಕೊಳ್ಳುತ್ತಿದ್ದರು. ನಾನೇ ಕಲಿಸಿದ ರೂಲ್ ಅದು. ಒಬ್ಬರು ತಮಗಾದ ನೋವು ಹೇಳಬೇಕು. ಇನ್ನೊಬ್ಬರು ಅದನ್ನು ಒಂದು ಮಾತೂ ಬಿಡದೆ ತಿರುಗಿ ಹೇಳಿ, ಆಮೇಲೆ ತಮ್ಮ ಮಾತು ಆಡಬೇಕು.

ದನಿ ಜೋರಾಗಿತ್ತು, ನಿಜ. ದೊಡ್ಡಬಳ್ಳಾಪುರದ ಮಕ್ಕಳು. ಮನೆಯೊಳಗೇ ಪವರ್‌ಲೂಮ್ ಓಡುವಾಗ ಮೆಲ್ಲಗೆ ಕರೆದರೆ ಅಮ್ಮನಿಗೂ ಕೇಳುವುದಿಲ್ಲ. ಸೂಲಿಬೆಲೆಯಿಂದ ಬಂದ ಈ ಮೇಷ್ಟ್ರಿಗೆ ಅದೆಲ್ಲ ಎಲ್ಲಿ ಗೊತ್ತು?

"ಹಿಂಗಾ ಕಿತ್ತಾಡೋದು? ಇಬ್ರೂ ಹೊರಗೆ ನಿಂತ್ಕೊಳ್ಳಿ," ಎಂದರು, ಅಲ್ಲೇ ನಿಂತಿದ್ದ ನನ್ನನ್ನು ಒಂದು ಮಾತೂ ಕೇಳದೆ.

ಚೈತ್ರ ಆ ದಿನ ಮೊದಲ ಸಲ ಮನಸ್ಸು ಬಿಚ್ಚಿದ್ದಳು. ತಲೆ ತಗ್ಗಿಸಿ ಹೊರಗೆ ಹೋದಳು. ಇನ್ನು ಈ ಹುಡುಗಿ ಬಾಯಿ ಬಿಡುವುದಿಲ್ಲವೆಂದು ನನ್ನ ಮೈಯೆಲ್ಲ ಉರಿಯಿತು.

ಇದೇ ಮನುಷ್ಯ ಸ್ಟಾಫ್ ರೂಮಿನಲ್ಲಿ ನನ್ನ ಟೀ ಆರದಂತೆ ತಟ್ಟೆ ಮುಚ್ಚಿಡುತ್ತಿದ್ದರು. ನಾನು ನೋಡಿದರೆ ಸಟ್ಟನೆ ಪೇಪರ್ ಎತ್ತಿಕೊಳ್ಳುತ್ತಿದ್ದರು, ಕೆಲವೊಮ್ಮೆ ತಲೆಕೆಳಗಾಗಿ. ಅದು ನನಗೆ ಇಷ್ಟವಾಗುತ್ತಿತ್ತು. ಹಾಗಾಗಿಯೇ ಇನ್ನಷ್ಟು ಉರಿಯಿತು.

ಕಾರಿಡಾರಿನಲ್ಲಿ ಅವರನ್ನು ತಡೆದೆ. "ಅವ್ರು ಕಿತ್ತಾಡ್ತಿರ್ಲಿಲ್ಲ ಸರ್. ನೀವು ಕೇಳ್ಲೂ ಇಲ್ಲ," ಎಂದೆ ಮೆಲ್ಲಗೆ.

"ಸದ್ಯ, ವಾಣಿಶ್ರೀ ಮೇಡಂಗೆ ಸಿಟ್ಟು ಬಂದಿಲ್ಲ," ಎಂದು ನಕ್ಕರು.

ಗೋಡೆಗೆ ಒರಗಿದ್ದ ಸಿಂಧು ತಡೆಯಲಾರದೆ ಹೇಳಿದಳು: "ಸರ್, ಮಿಸ್ ಕೂಗಿದ್ರೆ ಸಿಟ್ಟಿಲ್ಲ ಅಂತ. ಮೆಲ್ಲಗ್ ಮಾತಾಡಿದ್ರೆ ಮುಗೀತು."

ಅವರ ನಗು ಇಳಿಯಿತು. "ಏನ್ ಮಾಡ್ಲಿ ಈಗ?"

"ಒಳಗ್ ಬಂದು ಕೂತ್ಕೊಳ್ಳಿ. ರೂಲ್ ಎಲ್ರಿಗೂ ಒಂದೇ."

ಮಂಡಿ ಮಡಚಿಕೊಂಡು ಮಕ್ಕಳ ಬೆಂಚಿನಲ್ಲಿ ಕೂತರು. ಚೈತ್ರ ಒಳಗೆ ಬಂದು ಎದುರಿಗೆ ಕೂತಳು. "ನಾನು ಮಾತಾಡ್ತಿದ್ದೆ. ನೀವು ಎಲ್ರ ಮುಂದೆ ನನ್ ಬಾಯಿ ಮುಚ್ಚಿಸಿದ್ರಿ," ಎಂದಳು.

"ನೀನು ಮಾತಾಡ್ತಿದ್ದೆ. ನಾನು ಎಲ್ರ ಮುಂದೆ ನಿನ್ ಬಾಯಿ ಮುಚ್ಚಿಸ್ದೆ," ಎಂದರು ಭಾನುಪ್ರಕಾಶ್. "ತಪ್ಪಾಯ್ತು ಕಣಮ್ಮ."

"ಸರಿ ಸರ್," ಎಂದಳು ಚೈತ್ರ, ಎಂದಿನ ಜೋರು ದನಿಯಲ್ಲಿ.

"ಮಿಸ್, ನೀವು?" ಎಂದಳು ಸಿಂಧು.

"ನೀವು ನನ್ನ ಕೆಲಸಕ್ಕೆ ಬೆಲೆ ಕೊಡ್ಲಿಲ್ಲ. ಬೇರೆ ಯಾರೇ ಮಾಡಿದ್ರೂ ಇಷ್ಟು ನೋಯ್ತಿರ್ಲಿಲ್ಲ," ಎಂದೆ. ಏನು ಹೇಳಿಬಿಟ್ಟೆನೆಂದು ಬಾಯಿಂದ ಜಾರಿದ ಮೇಲೆ ಗೊತ್ತಾಯಿತು.

"ನಾನು ನಿಮ್ಮ ಕೆಲಸಕ್ಕೆ ಬೆಲೆ ಕೊಡ್ಲಿಲ್ಲ," ಎಂದು ಅಷ್ಟಕ್ಕೇ ನಿಲ್ಲಿಸಿದರು. ಕಿವಿ ಕೆಂಪಾಯಿತು.

"ಸರ್, ಒಂದು ಬಿಟ್ರಿ," ಎಂದಿತು ಇಡೀ ಕ್ಲಾಸು. ಬೆಲ್ ಹೊಡೆದು ಅವರನ್ನು ಉಳಿಸಿತು.

ಸಂಜೆ ಗೇಟಿನ ಹತ್ತಿರ ಕಾಯುತ್ತಿದ್ದರು. ಎದುರಿನ ಶೆಡ್ಡಿನಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು.

"ಬಿಟ್ಟಿದ್ದು ಹೇಳ್ತೀನಿ. ಬೇರೆ ಯಾರೇ ಮಾಡಿದ್ರೂ ನಿಮಗೆ ಇಷ್ಟು ನೋಯ್ತಿರ್ಲಿಲ್ಲ. ಸರಿನಾ?"

"ಸರಿ. ಈಗ ನಿಮ್ಮ ಮಾತು ಹೇಳಿ."

"ನೀವಂದ್ರೆ ನಂಗೆ ತುಂಬಾ ಇಷ್ಟ."

ಬ್ಯಾಗು ಹೆಗಲಿಗೇರಿಸಿ ಹೊರಟೆ. ಬೀದಿ ತಿರುವಿನಲ್ಲಿ ನಿಂತು ನೋಡಿದರೆ, ಮನುಷ್ಯ ಗೇಟಿನಲ್ಲೇ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ರೂಲ್ ನನಗೂ ಒಂದೇ ತಾನೆ.

"ನಾನಂದ್ರೆ ನಿಮಗೆ ತುಂಬಾ ಇಷ್ಟ," ಮಗ್ಗದ ಸದ್ದಿನ ಮೇಲೆ ಇಡೀ ಬೀದಿಗೆ ಕೇಳುವಂತೆ ಕೂಗಿದೆ. "ನಂಗೂ ಅಷ್ಟೇ. ಆದ್ರೆ ಸಿಟ್ಟಿನ್ನೂ ಹೋಗಿಲ್ಲ."

ನನ್ನ ದನಿಯ ಜೋರು ಕೇಳಿ ಅವರು ನಗತೊಡಗಿದರು.