ಬಾರದವಳ ಪೂರ್ತಿ ಹಾಜರಿ

"ಮೇಡಂ, ಮೊದಲನೇ ದಿನ ಬಿಟ್ರೆ ನಾನು ಆ ಕ್ಲಾಸಿಗೆ ಕಾಲೇ ಇಟ್ಟಿಲ್ಲ. ಆದ್ರೂ ಪೂರ್ತಿ ಹಾಜರಿ ಇದೆ. ನಾನು ಬರೀದೇ ಇರೋ ಪ್ರಬಂಧಗಳನ್ನ ಎಐ ಕೈಲಿ ಬರೆಸಿದೀನಿ ಅಂತ ನೋಟಿಸ್ ಬೇರೆ ಬಂದಿದೆ!"

ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡಿಕೊಂಡು ಓದುತ್ತಿದ್ದ ಆ ಹುಡುಗಿ ಮೊಣಕೈಯ ಹಿಟ್ಟನ್ನೂ ತೊಳೆಯದೆ ನಮ್ಮ ಮನೆಗೆ ಓಡಿಬಂದಿದ್ದಳು. ನನ್ನ ನಾದಿನಿ ಕಾನೂನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನ್ನ ಗಂಡ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಇಂಥ ಪ್ರಕರಣ ಬಂದಾಗ ಮಾತ್ರ ನಮ್ಮ ಹಜಾರಕ್ಕೆ ಕಳೆ ಬರುತ್ತಿತ್ತು.

"ಕ್ಲಾಸು ಬಿಟ್ಟಿದ್ಯಾಕೆ?" ಎಂದಳು ನಾದಿನಿ.

"ವಾರಕ್ಕೊಂದು ಪ್ರಬಂಧ, ಓದೋಕೆ ರಾಶಿ ಪುಸ್ತಕ. ಕೆಲಸದ ಜೊತೆ ಆಗ್ಲಿಲ್ಲ. ಮೂರು ಸಲ ತಪ್ಪಿಸಿದ್ರೆ ಹೆಸರು ತಾನಾಗೇ ಹೋಗುತ್ತೆ ಅಂದಿದ್ರು, ಸುಮ್ನಾದೆ. ಈಗ ಸ್ಕಾಲರ್‌ಷಿಪ್ಪಿಗೇ ಕುತ್ತು ಬಂದಿದೆ."

ಅದು 'ನೆನಪಿನ ಬರವಣಿಗೆ' ಎಂಬ ಐಚ್ಛಿಕ ವಿಷಯ. ಎಐ ಕಾಗುಣಿತ ತಿದ್ದಲು ಮಾತ್ರ. ಅದಕ್ಕಿಂತ ಹೆಚ್ಚು ಬಳಸಿದರೆ ಅಪರಾಧ. ನಾವು ಮೇಷ್ಟ್ರನ್ನು ಕಂಡೆವು.

"ಒಂದು ತಪ್ಪೂ ಇಲ್ಲದ ಬರಹ. ತಪಾಸಣೆ ಮಾಡೋ ಸಾಫ್ಟ್‌ವೇರೂ ಯಂತ್ರದ್ದೇ ಅಂತು," ಎಂದರು ಮೇಷ್ಟ್ರು.

"ಯಂತ್ರ ಪ್ರಬಂಧ ಬರೀಬಹುದು. ಬೆಂಚಿನ ಮೇಲೆ ಕೂತು 'ಬಂದಿದೀನಿ ಸರ್' ಅನ್ನುತ್ತಾ?" ಎಂದಳು ನಾದಿನಿ.

ಮೇಷ್ಟ್ರು ಪೆಚ್ಚಾದರು. "ಕೂಗಿದಾಗ ಹೆಣ್ಣುದನಿ ಬರ್ತಿತ್ತು. ನಾನು ತಲೆ ಎತ್ತಿ ನೋಡಲ್ಲ ಮೇಡಂ. ಎತ್ತಿದ್ರೆ ಬರೀ ಖಾಲಿ ಬೆಂಚು. ಇರೋದೇ ಹತ್ತು ಜನ. ಒಬ್ಬರು ಕಮ್ಮಿಯಾದ್ರೂ ವಿಭಾಗದವರು ಮುಚ್ಚಿಬಿಡ್ತಾರೆ."

ಬೇಕರಿಯವಳನ್ನು ಬಿಟ್ಟರೆ ತರಗತಿಯಲ್ಲಿದ್ದ ಹುಡುಗಿಯರು ಮೂವರು. ಮೇಷ್ಟ್ರ ಮೂಗಿನಡಿಯ ಬೆಂಚಿನಲ್ಲಿ ಕೂರುತ್ತಿದ್ದವಳು 'ಕ್ಯಾಪ್ಟನ್'. ದೂರದೂರಿಂದ ಬಂದು ಹಾಜರಿ ಮುಗಿದ ಮೇಲೆ ಏದುಸಿರು ಬಿಡುತ್ತ ನುಗ್ಗುತ್ತಿದ್ದವಳು 'ಬಸ್ಸಮ್ಮ'. ಹಿಂದಿನ ಮೂಲೆಯಲ್ಲಿ ಕೂರುತ್ತಿದ್ದ ಮೂರನೆಯವಳಿಗೆ ಅಡ್ಡಹೆಸರನ್ನೂ ಯಾರೂ ಇಟ್ಟಿರಲಿಲ್ಲ.

ಎಲ್ಲರೂ ಟೈಪ್ ಮಾಡಿ ಮೇಷ್ಟ್ರ ಮೇಜಿನ ಮೇಲಿಟ್ಟಿದ್ದ ಪ್ರಬಂಧಗಳನ್ನು ಮನೆಗೆ ತಂದೆವು. ಕ್ಯಾಪ್ಟನ್ ತಾನು ಗೆದ್ದ ಓಟಗಳನ್ನೂ ಬಸ್ಸಮ್ಮ ಕಿಟಕಿಯಾಚೆಯ ಗದ್ದಲವನ್ನೂ ಬರೆದಿದ್ದರು. ಮೂಲೆಯವಳದು ಬಾಡಿಗೆ ಕೋಣೆಯ ವರ್ಣನೆ: ಗೋಡೆಯ ಬಿರುಕು, ಒಂದೇ ಲೋಟ, ಪಕ್ಕದ ಮನೆಯ ಗೋಡೆಗೆ ಒತ್ತರಿಸಿಕೊಂಡ ಮಂಚ. ಬೇಕರಿಯವಳ ಹೆಸರಿನಲ್ಲಿದ್ದದ್ದು ಒಂದು ತುಂಬಿದ ಸಂಸಾರ. ಅಣ್ಣ ಬಚ್ಚಲುಮನೆಯ ಬಾಗಿಲು ಬಡಿಯುತ್ತಾನೆ, ತಂಗಿ ಒಳಗಿಂದ ಹಾಡು ಜೋರು ಮಾಡುತ್ತಾಳೆ, ಅಮ್ಮ ಕೆಮ್ಮಿದರೆ ಇಬ್ಬರೂ ಗಪ್‌ಚುಪ್.

"ಇದರಲ್ಲಿ ಇರಬೇಕಾದ್ದು ಒಂದು ಇಲ್ಲ. ಏನದು, ಹೇಳಿ ಅತ್ತಿಗೆ."

ನಾನು ಎರಡೆರಡು ಸಲ ಓದಿದೆ, ಹೊಳೆಯಲಿಲ್ಲ. ನಾದಿನಿ ನಕ್ಕಳು, ಆಮೇಲೆ ಯಾಕೋ ಸಪ್ಪಗಾದಳು.

ವಾರಕ್ಕೊಮ್ಮೆ ನಡೆಯುವ ಆ ತರಗತಿಯಲ್ಲಿ ಬುಧವಾರ ಎಲ್ಲರೂ ಸೇರಿದರು. ಬೇಕರಿಯವಳು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ನಾದಿನಿ ಆ ಸಂಸಾರದ ಪ್ರಬಂಧವನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಹಿಂದಿನ ಮೂಲೆಗೆ ನಡೆದುಹೋಗಿ, ಏನೋ ಮರೆತವಳ ಹಾಗೆ ಕೇಳಿದಳು: "ಈ ಅಣ್ಣ ನೋಡೋಕೆ ಹೇಗಿದಾನಮ್ಮ?"

"ಗೊತ್ತಿಲ್ಲ ಮೇಡಂ, ನಾನು ನೋಡೇ ಇಲ್ಲ," ಎಂದಳು ಮೂಲೆಯ ಹುಡುಗಿ. ಎಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು.

"ಕ್ಯಾಪ್ಟನ್ ಎರಡು ಸಲ ಉತ್ತರ ಕೊಟ್ಟಿದ್ರೆ ಕಣ್ಣು ಮುಚ್ಚಿದ್ರೂ ಮೇಷ್ಟ್ರಿಗೆ ಗೊತ್ತಾಗ್ತಿತ್ತು," ನಾದಿನಿ ವಿವರಿಸಿದಳು. "ಬಸ್ಸಮ್ಮ ಹಾಜರಿ ಹೊತ್ತಿಗೆ ಇರ್ತಾನೇ ಇರ್ಲಿಲ್ಲ. ಉಳಿದವಳು ನೀನು. ಇನ್ನು ಪ್ರಬಂಧ. ಯಂತ್ರ ಬರೆದಿದ್ರೆ ಅಮ್ಮನಿಗೆ ಕಣ್ಣು, ನಗು, ಕೂದಲು ಎಲ್ಲ ಇಡ್ತಿತ್ತು. ಇದರಲ್ಲಿ ಒಬ್ಬರಿಗೂ ಮುಖ ಇಲ್ಲ, ಬರೀ ಸದ್ದು. ಈ ಸಂಸಾರವನ್ನ ಯಾರೋ ಗೋಡೆಯಾಚೆಯಿಂದ ಕೇಳಿಸಿಕೊಂಡಿದಾರೆ. ಗೋಡೆಗೆ ಮಂಚ ಒತ್ತರಿಸಿಕೊಂಡವಳು ನೀನೇ ತಾನೆ?"

ಹುಡುಗಿ ಹೌದೆಂದು ತಲೆ ಆಡಿಸಿ ಬೇಕರಿಯವಳ ಕಡೆ ನೋಡಿದಳು. "ಇವರು ಬರೋದು ನಿಲ್ಲಿಸಿದ್ರು. ಹೆಸರು ಹೋದ್ರೆ ಕ್ಲಾಸ್ ಮುಚ್ತಾರಲ್ಲ. ಅದಕ್ಕೆ ಇಬ್ಬರ ಪಾಲಿಂದೂ ನಾನೇ ಬರೆದೆ. ಕಾಗುಣಿತಕ್ಕೂ ಎಐ ಮುಟ್ಟಿಲ್ಲ."

"ಅಷ್ಟೊಂದು ಒದ್ದಾಟ ಯಾಕಮ್ಮ?" ಎಂದರು ಮೇಷ್ಟ್ರು.

"ವಾರದಲ್ಲಿ ನನ್ನ ಹೆಸರು ಹಿಡಿದು ಕೂಗೋದು ಇಲ್ಲಿ ಮಾತ್ರ ಸರ್."

ಸಿಡುಕಿಕೊಂಡು ನಿಂತಿದ್ದ ಬೇಕರಿಯವಳು ಕಟ್ಟಿದ ಕೈ ಬಿಟ್ಟಳು. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳಷ್ಟೆ.

ಅವಳ ಮೇಲಿನ ನೋಟಿಸು ರದ್ದಾಯಿತು. ಸುಳ್ಳು ಹಾಜರಿ ಕೊಟ್ಟದ್ದಕ್ಕೆ ಮೂಲೆಯ ಹುಡುಗಿಗೆ ಆ ವಿಷಯದಲ್ಲಿ ಸೊನ್ನೆ ಬಂತು. ಒಂಬತ್ತೇ ಜನ ಉಳಿದರೆಂದು ವಿಭಾಗದವರು ತರಗತಿಯನ್ನೂ ಮುಚ್ಚಿದರು. ಸುದ್ದಿ ಹೇಳಲು ಮೇಷ್ಟ್ರು ತಾವೇ ನಮ್ಮ ಮನೆಗೆ ಬಂದಿದ್ದರು; ಕೊಟ್ಟ ಚಹಾ ಕುಡಿಯದೆ ಎದ್ದುಹೋದರು.

ನಾದಿನಿ ತಣ್ಣಗಾದ ಲೋಟವನ್ನು ಕೈಗೆತ್ತಿಕೊಂಡಳು.

"ಪತ್ತೆ ಹಚ್ಚಿದ್ದೇನೋ ಆಯ್ತು ಅತ್ತಿಗೆ. ಬುಧವಾರ ಆ ಹುಡುಗಿ ಎಲ್ಲಿಗೆ ಹೋಗ್ತಾಳೆ?"

ನಾನು ಎದ್ದು ದೀಪ ಹಾಕಿದೆ.